ಕಂಗು ಸೊಟ್ಟಗೆ ಕಂಡಲ್ಲಿಂದ

ಜನವರಿಯ ಎರಡನೇ ವಾರ. ಅಂಗಳದಲ್ಲಿ ಅಡಕೆ ಹರಗಿ ಜಗಲಿಯ ತುದಿಯಲ್ಲಿ ಕೂತಿದ್ದೆ. ಎಡಗಣ್ಣಿಗೆ ಧೂಳು ಬಿದ್ದಂತಾಗಿ ಅದನ್ನು ಉಜ್ಜುತ್ತ ಬಲಗಣ್ಣೊಂದರಲ್ಲೇ ತೋಟದ ಕಡೆ ನೋಡಿದರೆ, ಎದುರಿನ ಕಂಗು, ಅಂದರೆ ಅಡಕೆ ಮರ, ನಡುವಿನಲ್ಲಿ ಸೊಂಟ ಉಳುಕಿದಂತೆ ಸೊಟ್ಟಗಿತ್ತು. ಅಪ್ಪ ನೆಟ್ಟ ಮರ, ನೂಲು ಹಿಡಿದ ಹಾಗೆ ಬೆಳೆದದ್ದು. ಎಡಗಣ್ಣು ಬಿಟ್ಟೆ, ಮರ ನೆಟ್ಟಗಾಯಿತು. ಮುಚ್ಚಿದೆ, ಮತ್ತೆ ಸೊಟ್ಟ. ಜೊತೆಗೆ ಮೂಲೆಯಲ್ಲಿ ಅಡುಗೆಮನೆಯ ಮಸಿಯ ಎಳೆಯಂಥದ್ದೊಂದು ತೇಲುತ್ತಿತ್ತು. ಕಣ್ಣು ಹೊರಳಿಸಿದ ಕಡೆಗೆಲ್ಲ ಅದೂ ಹಿಂದಿನಿಂದ ಬರುತ್ತಿತ್ತು.

ಇದನ್ನು ಬರೆಯಲು ಕಾರಣವೇ ಆಮೇಲೆ ನಾನು ಮಾಡಿದ ಕೆಲಸ. ಐದು ವಾರ ಸುಮ್ಮನಿದ್ದೆ. ನಡುವೆ ಬದಿಯಡ್ಕದ ಕನ್ನಡಕದ ಅಂಗಡಿಗೆ ಹೋಗಿ 3,200 ರೂಪಾಯಿ ಕೊಟ್ಟು ಹೊಸ ಗ್ಲಾಸು ಹಾಕಿಸಿದೆ. ಮಸಕು ಹಾಗೆಯೇ ಇತ್ತು. ನೇರ ಗೆರೆ ಡೊಂಕಾಗಿ ಕಂಡರೆ ಅದು ಸಾಮಾನ್ಯವಾಗಿ ಕನ್ನಡಕದ ನಂಬರಿನ ತೊಂದರೆಯಲ್ಲ. ಬಾಗಿಲ ದಾರಂದ, ಕಿಟಕಿಯ ಸರಳು, ನೆಲದ ಟೈಲ್ಸಿನ ಗೆರೆ, ಯಾವುದಾದರೂ ಸರಿ, ತಿಂಗಳಿಗೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ. ಎರಡೂ ಕಣ್ಣು ಬಿಟ್ಟಿದ್ದರೆ ಚೆನ್ನಾಗಿರುವ ಕಣ್ಣು ಕೆಟ್ಟದ್ದರ ಗುಟ್ಟನ್ನು ಮುಚ್ಚಿಟ್ಟುಬಿಡುತ್ತದೆ.

ನನಗೆ ಸಕ್ಕರೆ ಕಾಯಿಲೆ ಶುರುವಾಗಿ ಹದಿನಾಲ್ಕು ವರ್ಷ. ಮೊದಮೊದಲು ವರ್ಷಕ್ಕೊಮ್ಮೆ ಮಂಗಳೂರಿಗೆ ಹೋಗಿ ಕಣ್ಣು ತೋರಿಸುತ್ತಿದ್ದೆ. 2020ರ ಮಾರ್ಚಿನಲ್ಲಿ ಕೇರಳದ ನಮ್ಮ ಕಡೆಯಿಂದ ಕರ್ನಾಟಕಕ್ಕೆ ಹೋಗುವ ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನಮ್ಮವರಿಗೆಲ್ಲ ನೆನಪಿದೆಯಲ್ಲ, ಆ ವರ್ಷ ತಪ್ಪಿದ ತಪಾಸಣೆಯನ್ನು ಮತ್ತೆ ಹಿಡಿಯಲೇ ಇಲ್ಲ. ಗಡಿ ತೆರೆಯಿತು, ನನ್ನ ಸೋಮಾರಿತನ ತೆರೆಯಲಿಲ್ಲ.

ಫೆಬ್ರವರಿ ಕೊನೆಗೆ ಕಾಸರಗೋಡಿನ ಒಂದು ಕಣ್ಣಿನ ಆಸ್ಪತ್ರೆಗೆ ಹೋದೆ. ಅಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕಿ ನೋಡಿ, "ಇದು ನಮ್ಮಲ್ಲಿ ಆಗುವುದಲ್ಲ, ರೆಟಿನಾದವರಿಗೆ ತೋರಿಸಿ" ಎಂದು ಚೀಟಿ ಬರೆದರು. ರೆಟಿನಾ ಅಂದರೆ ಕಣ್ಣಿನ ಒಳಗಿನ ಪರದೆ. ಸಹಿ ಹಾಕಲು ಕೊಟ್ಟ ಫಾರಂ ಪೂರ್ತಿ ಮಲಯಾಳದಲ್ಲಿತ್ತು. ಮಾತಾಡಲು ನನಗೆ ಕಷ್ಟವಿಲ್ಲ, ಓದುವಾಗ ತಡವರಿಸುತ್ತೇನೆ. ಕನ್ನಡದ್ದು ಇದೆಯೇ ಎಂದು ಕೇಳಿದ್ದಕ್ಕೆ ಕೌಂಟರಿನ ಹುಡುಗಿ ನಕ್ಕಳು, ಒರಟಾಗಿಯೇನೂ ಅಲ್ಲ. ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಓದಲಾಗದು, ಬಿಸಿಲು ಸಹಿಸಲಾಗದು, ಬೈಕು ಬಿಡುವ ಪ್ರಶ್ನೆಯೇ ಇಲ್ಲ. ನಾನು ಬೈಕಿನಲ್ಲಿ ಹೋಗಿದ್ದೆ. ಅದನ್ನು ಪರಿಚಯದವರ ಅಂಗಡಿಯ ಬದಿಗಿಟ್ಟು ಬಸ್ಸಿನಲ್ಲಿ ಪೆರ್ಲಕ್ಕೆ ಬಂದೆ.

ರೆಟಿನಾದವರಿಗೆ ತೋರಿಸಲು ಮಂಗಳೂರಿಗೆ ಹೊರಟೆ. ಅಲ್ಲಿಗೆ ಪೆರ್ಲದಿಂದ ಎರಡು ದಾರಿ. ಬದಿಯಡ್ಕ ಕುಂಬಳೆ ಸುತ್ತಿ ತಲಪಾಡಿಯ ಮೇಲೆ ಹೋಗಬಹುದು, ಇಲ್ಲವಾದರೆ ಸಾರಡ್ಕ ದಾಟಿ ವಿಟ್ಲ, ಕಲ್ಲಡ್ಕ. ಕಣ್ಣಿಗೆ ಚುಚ್ಚುಮದ್ದು ಹಾಕಿಸಿದ ದಿನ ವಾಪಸು ಬರುವಾಗ ಧೂಳು ಕಡಿಮೆಯಿರುವ ದಾರಿ ಹಿಡಿಯಿರಿ, ಬಸ್ಸಿನ ಕಿಟಕಿಯ ಬದಿ ಕೂರಬೇಡಿ.

ಮಂಗಳೂರಿನ ಆಸ್ಪತ್ರೆಗೆ ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೋದವನು ಹೊರಬಿದ್ದದ್ದು ಸಂಜೆ ಐದೂವರೆಗೆ. ಹನಿ, ಕಾಯುವುದು, ಮತ್ತೆ ಹನಿ, ಮತ್ತೆ ಕಾಯುವುದು. ಒಸಿಟಿ ಎಂಬ ಸ್ಕ್ಯಾನಿಗೆ ನೋವಿಲ್ಲ. ಗಲ್ಲ ಊರಿ ಹಸಿರು ಗುರುತನ್ನು ನೋಡುತ್ತಿದ್ದರೆ ಮುಗಿಯಿತು. ಕಣ್ಣಿನ ಪರದೆಯನ್ನು ಹಲಸಿನ ತೊಳೆ ಸೀಳಿ ನೋಡಿದಂತೆ ಪದರ ಪದರವಾಗಿ ತೋರಿಸುತ್ತದೆ. ನಡುಭಾಗ ಸಾಮಾನ್ಯವಾಗಿ 250 ಮೈಕ್ರಾನ್ ಆಸುಪಾಸು ದಪ್ಪವಿರಬೇಕಾದದ್ದು ನನಗೆ 468 ಇತ್ತು. ನೀರು ತುಂಬಿ ಉಬ್ಬಿತ್ತು. ಕಂಗು ಸೊಟ್ಟಗಾದದ್ದು ಆ ಉಬ್ಬಿನಿಂದ.

ಆಂಜಿಯೋಗ್ರಾಂ ಎಂದಾಗ ಹೃದಯದ್ದೆಂದು ಹೆದರಿದೆ. ಇದು ಕಣ್ಣಿನದ್ದು. ಕೈಯ ರಕ್ತನಾಳಕ್ಕೆ ಫ್ಲೋರೆಸೀನ್ ಎಂಬ ಹಳದಿ ಬಣ್ಣ ಬಿಟ್ಟು, ಅದು ಕಣ್ಣಿಗೆ ತಲುಪುವುದನ್ನು ಒಂದರ ಹಿಂದೊಂದು ಫೋಟೋ ತೆಗೆಯುತ್ತಾರೆ. ಅರ್ಧ ನಿಮಿಷ ಹೊಟ್ಟೆ ತೊಳಸಿತು. ಮರುದಿನದವರೆಗೆ ಮೂತ್ರ ಅರಸಿನ ಕದಡಿದ ಬಣ್ಣ. ಇದನ್ನು ಮೊದಲೇ ಹೇಳಿದ್ದರೆ ರಾತ್ರಿ ಮನೆಯಲ್ಲಿ ಗಾಬರಿಯಾಗುತ್ತಿರಲಿಲ್ಲ. ಕಿಡ್ನಿಯ ತೊಂದರೆ, ಅಲರ್ಜಿ ಇದ್ದವರು ಬಣ್ಣ ಬಿಡುವ ಮೊದಲು ಹೇಳಲೇಬೇಕು.

ಡಾಕ್ಟರು ಫೋಟೋ ತೋರಿಸಿದರು. ಅಂಚಿನಲ್ಲಿ ಅಲ್ಲಲ್ಲಿ ಕಪ್ಪು ಬಯಲು, ಅದರ ಬದುವಿನಲ್ಲಿ ಬಿಳಿ ಹೊಗೆಯಂತೆ ಹರಡಿಕೊಂಡ ಸೋರಿಕೆ. "ಕಪ್ಪಗಿರುವಲ್ಲಿ ಸಕ್ಕರೆಯಿಂದಾಗಿ ಸಣ್ಣ ನಾಳಗಳು ಮುಚ್ಚಿಹೋಗಿವೆ, ರಕ್ತ ಹೋಗುತ್ತಿಲ್ಲ. ಬೆಳ್ಳಗೆ ಸೋರುತ್ತಿರುವುದು ಹೊಸತಾಗಿ ಹುಟ್ಟಿದ ನಾಳಗಳು" ಎಂದರು. ನನಗೆ ಅರ್ಥವಾಗಲಿಲ್ಲ. ರಕ್ತ ಸಾಲದ ಕಡೆ ಹೊಸ ನಾಳ ಬಂದರೆ ಒಳ್ಳೆಯದೇ ಅಲ್ಲವೇ?

ಅವರು ವಿವರಿಸಿದ್ದನ್ನು ನಾನು ನಮ್ಮೂರಿನ ಭಾಷೆಗೆ ಹೀಗೆ ಇಳಿಸಿಕೊಂಡಿದ್ದೇನೆ. ರೆಟಿನಾಕ್ಕೆ ಆಮ್ಲಜನಕ ವಿಪರೀತ ಬೇಕು. ಅದು ಸಿಗದಾಗ ಬಾಯಾರಿದ ಜೀವಕೋಶಗಳು ಒಂದು ಪ್ರೋಟೀನನ್ನು ಹೊರಬಿಡುತ್ತವೆ. ಹೆಸರು ವಿಇಜಿಎಫ್, ರಕ್ತನಾಳ ಬೆಳೆಸುವ ಅಂಶ. ಅದು ಒಂದು ಕೂಗು: ನೀರು ಬೇಕು, ಯಾರಾದರೂ ಬನ್ನಿ. ಬಸಿರಲ್ಲಿರುವ ಮಗುವಿಗೆ ನಾಳ ಬೆಳೆಯುವುದು ಈ ಕೂಗಿನಿಂದಲೇ, ಗಾಯ ಮಾಯಲೂ ಇದು ಬೇಕು. ಆದರೆ ವರ್ಷಗಟ್ಟಲೆ ಬಾಯಾರಿದ ಕಣ್ಣಿನಲ್ಲಿ ಕೂಗು ನಿಲ್ಲುವುದೇ ಇಲ್ಲ. ಆ ಅವಸರಕ್ಕೆ ಹುಟ್ಟುವ ನಾಳಗಳಿಗೆ ಗೋಡೆ ಸರಿಯಿಲ್ಲ, ದಾರಿಯೂ ಸರಿಯಿಲ್ಲ. ಗುಡ್ಡದೊಳಗಿನ ನೀರು ಹೊರತರುವ ನಮ್ಮ ಅಜ್ಜನ ಕಾಲದ ಸುರಂಗ ಗಟ್ಟಿ ಮುರಕಲ್ಲು ನೋಡಿ ಕೊರೆದದ್ದು, ಇವತ್ತಿಗೂ ನೀರು ಕೊಡುತ್ತದೆ. ಬರಗಾಲದ ವರ್ಷ ಪಕ್ಕದ ಗುಡ್ಡದ ಮೆದು ಮಣ್ಣಿನಲ್ಲಿ ಒಬ್ಬರು ತರಾತುರಿಯಲ್ಲಿ ಕೊರೆಸಿದ್ದು ಮಳೆಗಾಲಕ್ಕೆ ಕುಸಿದು ಕೆಳಗಿನ ಗದ್ದೆಗೆಲ್ಲ ಕೆಸರು ನುಗ್ಗಿತು. ನನ್ನ ಕಣ್ಣಿನಲ್ಲಿ ಹುಟ್ಟಿದ್ದು ಎರಡನೇ ಜಾತಿಯವು. ಅವು ಬಾಯಾರಿದ ಜಾಗಕ್ಕೆ ರಕ್ತ ಒಯ್ಯುವುದಿಲ್ಲ, ಕಣ್ಣಿನ ನಡುವಿನ ಲೋಳೆಯ ಕಡೆಗೆ ಚಾಚಿ ಅಲ್ಲಿ ಒಡೆದು ಬಿಡುತ್ತವೆ. ಸಾಲದ್ದಕ್ಕೆ ಅದೇ ಕೂಗು ಇದ್ದ ಹಳೆಯ ನಾಳಗಳನ್ನೂ ಸಡಿಲ ಮಾಡಿ ನೀರು ಜಿನುಗಿಸುತ್ತದೆ. ಅಂಚಿನಲ್ಲಿ ಹೊಸ ನಾಳ, ನಡುವಿನಲ್ಲಿ ಊತ, ಎರಡರ ಹಿಂದೆಯೂ ಒಂದೇ ವಸ್ತು.

ಆಮೇಲೆ ಮಗಳು ಓದಿ ಹೇಳಿದ್ದು ಕೇಳಿ ಆಶ್ಚರ್ಯವಾಯಿತು. ರೆಟಿನಾದಿಂದಲೇ ಇಂಥದ್ದೇನೋ ಒಂದು ವಸ್ತು ಹರಡುತ್ತಿರಬೇಕೆಂದು ಮೈಕೆಲ್ಸನ್ ಎಂಬ ಕಣ್ಣಿನ ವೈದ್ಯರು 1948ರಲ್ಲೇ ಊಹಿಸಿದ್ದರಂತೆ. 1983ರಲ್ಲಿ ಅದನ್ನು ಕ್ಯಾನ್ಸರ್ ಗಡ್ಡೆಗಳಲ್ಲಿ ಗುರುತಿಸಿದಾಗ ಇಟ್ಟ ಹೆಸರು ನಾಳ ಸೋರಿಸುವ ಅಂಶ. 1989ರಲ್ಲಿ ಫೆರಾರಾ ಮತ್ತು ಸಂಗಡಿಗರು ನಾಳ ಬೆಳೆಸುವ ಅಂಶವನ್ನು ಬೇರ್ಪಡಿಸಿದರು. ಸೋರಿಸುವುದೂ ಬೆಳೆಸುವುದೂ ಒಂದೇ ಎಂದು ಗೊತ್ತಾಯಿತು. 1994ರಲ್ಲಿ ನನ್ನಂಥ ಸಕ್ಕರೆ ಕಾಯಿಲೆಯವರ ಕಣ್ಣಿನ ದ್ರವದಲ್ಲೇ ಅದು ಹೆಚ್ಚಿರುವುದನ್ನು ಅಳೆದು ತೋರಿಸಿದರು. ಅಂದರೆ ಕೂಗುವವನು ಯಾರೆಂದು ಹುಡುಕಲು ಹತ್ತಿರಹತ್ತಿರ ಐವತ್ತು ವರ್ಷ.

ಈಗ ಮದ್ದಿನ ವಿಷಯ. ಆ ಪ್ರೋಟೀನನ್ನು ಹಿಡಿದು ಕಟ್ಟಿಹಾಕುವ ಮದ್ದನ್ನು ನೇರ ಕಣ್ಣಿನೊಳಗೆ ಚುಚ್ಚುವುದು. ಆಯ್ಕೆಗಳಿವೆ. ಬೆವಾಸಿಜುಮಾಬ್ ಅಗ್ಗದ್ದು, ನನಗೆ ಹೇಳಿದ್ದು ಒಂದು ಸಲಕ್ಕೆ 7,000. ರಾನಿಬಿಜುಮಾಬಿನ ನಮ್ಮ ದೇಶದಲ್ಲೇ ತಯಾರಾಗುವ ರೂಪಕ್ಕೆ 15,000. ಅಫ್ಲಿಬರ್ಸೆಪ್ಟ್ ಎಂಬುದರ ಬೆಲೆ ಕೇಳಿ ಅಡಕೆಯ ಲೆಕ್ಕ ಹಾಕಿ ಸುಮ್ಮನಾದೆ. ಬೆವಾಸಿಜುಮಾಬ್ ಚೀಟಿಯನ್ನು ಮನೆಗೆ ತಂದಾಗ ಹೊಸ ರಾಮಾಯಣ. ಯಾರೋ ಮೊಬೈಲಲ್ಲಿ ಹುಡುಕಿ "ಇದು ಕರುಳಿನ ಕ್ಯಾನ್ಸರಿನ ಮದ್ದು" ಎಂದರು. ಹೆಂಡತಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನಗೇ ಏನೋ ಮುಚ್ಚಿಡುತ್ತಿದ್ದಾರೆಂದು ಅವಳ ಅನುಮಾನ. ಸಂಗತಿ ಇಷ್ಟೆ: ಗಡ್ಡೆಗಳೂ ಇದೇ ಕೂಗು ಹಾಕಿ ತಮಗೆ ನಾಳ ತರಿಸಿಕೊಳ್ಳುತ್ತವೆ, ಆದ್ದರಿಂದ 2004ರಲ್ಲಿ ಅಮೆರಿಕದಲ್ಲಿ ಅದಕ್ಕೆಂದು ಒಪ್ಪಿಗೆ ಸಿಕ್ಕಿದ ಮದ್ದು ಇದು. ಕಣ್ಣಿಗೆಂದು ಅದಕ್ಕೆ ಒಪ್ಪಿಗೆ ಇರಲಿಲ್ಲವಾದರೂ ಕಣ್ಣಿನ ವೈದ್ಯರು ಅದರ ಅತಿ ಚಿಕ್ಕ ಪಾಲನ್ನು ಬಳಸತೊಡಗಿದರು. ದೊಡ್ಡ ಬಾಟಲಿಯಿಂದ ಸಣ್ಣ ಪಾಲು ಮಾಡುವಾಗ ಶುಚಿ ತಪ್ಪಿದರೆ ಸೋಂಕಿನ ಭಯ, ಅದೇ ಅದರ ದೋಷ. ಪಾಲು ಮಾಡುವುದು ಎಲ್ಲಿ, ಹೇಗೆ ಎಂದು ಕೇಳಲು ಸಂಕೋಚ ಬೇಡ. ನಾನು ಕೇಳಿದೆ, ಬೈಯಲಿಲ್ಲ. ಕೊನೆಗೆ ಒಬ್ಬರಿಗೆಂದೇ ಬರುವ 15,000ದ ಬಾಟಲಿಗೆ ಒಪ್ಪಿದೆ.

ಅದೇ ದಿನ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು: ಅಂಚಿನ ಬಾಯಾರಿದ ಭಾಗಕ್ಕೆ ಲೇಸರ್ ಕೂಡ ಮಾಡಿಸಿಕೊಳ್ಳಿ, ತಪ್ಪದೆ ಬರುವವರಾದರೆ ಚುಚ್ಚುಮದ್ದೊಂದರಲ್ಲೇ ಹಿಡಿತಕ್ಕೆ ತರಬಹುದು, ನೀವು ತೋಟದವರು, ಮಳೆಗಾಲಕ್ಕೆ ಕಾಣೆಯಾಗುತ್ತೀರಿ. ಲೇಸರಿನಿಂದ ರಾತ್ರಿಯ ನೋಟ, ಬದಿಯ ನೋಟ ಸ್ವಲ್ಪ ಕುಗ್ಗಬಹುದು ಎಂದೂ ಹೇಳಿದರು. ಆ ಒಂದು ಮಾತು ಹಿಡಿದುಕೊಂಡು ಲೇಸರ್ ಆಮೇಲೆ ನೋಡೋಣ ಎಂದೆ.

ಕಾಗದಪತ್ರದ ಗೋಳು ಬೇರೆ. ಆಧಾರಿನಲ್ಲಿ ನನ್ನ ಹೆಸರು ಮಲಯಾಳದ ದಾರಿಯಾಗಿ ಇಂಗ್ಲಿಷಿಗೆ ಹೋಗಿ ಕೊನೆಗೊಂದು ಅಕ್ಷರ ಹೆಚ್ಚಿದೆ, ವಿಮೆಯ ಪಾಲಿಸಿಯಲ್ಲಿ ಅದಿಲ್ಲ. ಮಲಯಾಳದ ರೇಶನ್ ಕಾರ್ಡ್ ಮಂಗಳೂರಿನ ಕೌಂಟರಿನವರಿಗೆ ಓದಲು ಬರುವುದಿಲ್ಲ. ಕಾಸರಗೋಡಿನಲ್ಲಿ ಅವರ ಕಾಗದ ನನಗೆ ಬಾರದು, ಇಲ್ಲಿ ನನ್ನ ಕಾಗದ ಇವರಿಗೆ ಬಾರದು. ಹೆಸರು ಎರಡೂ ಒಬ್ಬನದ್ದೇ ಎಂದು ನೋಟರಿಯಿಂದ ಅಫಿಡವಿಟ್ ಮಾಡಿಸಿ ನಾಲ್ಕು ಪ್ರತಿ ಇಟ್ಟುಕೊಂಡೆ. ಗಡಿಯಾಚೆ ಚಿಕಿತ್ಸೆಗೆ ಹೋಗುವ ನಮ್ಮ ಕಡೆಯವರು ಕಣ್ಣಿಗಿಂತ ಮೊದಲು ಇದನ್ನು ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಚುಚ್ಚುಮದ್ದಿನ ದಿನದ ಬಗ್ಗೆ ಎಲ್ಲರೂ ಕೇಳುವುದು ಒಂದೇ: ಸೂಜಿ ಕಾಣುತ್ತದೆಯೇ? ಕಾಣುವುದಿಲ್ಲ. ಮರಗಟ್ಟಿಸುವ ಹನಿ ಮೂರು ಸಲ. ಆಮೇಲೆ ಕಂದು ಬಣ್ಣದ ಅಯೋಡಿನ್ ದ್ರಾವಣ ಕಣ್ಣಿಗೇ ಬಿಡುತ್ತಾರೆ, ಸೋಂಕು ತಡೆಯಲು ಅದೇ ಮುಖ್ಯವಂತೆ. ಮುಖಕ್ಕೆ ಹಸಿರು ಬಟ್ಟೆ, ರೆಪ್ಪೆ ಮುಚ್ಚದಂತೆ ಒಂದು ತಂತಿಯ ಚಿಮಟ. ನನಗೆ ಅತಿ ಕಿರಿಕಿರಿಯಾದದ್ದು ಆ ಚಿಮಟವೇ. "ಕಾಲಿನ ಕಡೆ ನೋಡಿ" ಎಂದರು. ಕರಿಗುಡ್ಡೆಯ ಅಂಚಿನಿಂದ ಮೂರೂವರೆ-ನಾಲ್ಕು ಮಿಲಿಮೀಟರ್ ಅಳೆದು ಬಿಳಿಯ ಭಾಗದಲ್ಲಿ ಚುಚ್ಚುವುದು. ಒತ್ತಿದ ಹಾಗಾಯಿತು, ಅಷ್ಟೇ. ಒಳಹೋಗುವ ಮದ್ದು 0.05 ಮಿಲಿಲೀಟರ್, ಒಂದು ಹನಿಯಷ್ಟು. ಕೂಡಲೇ ನೋಟದಲ್ಲಿ ಎಣ್ಣೆ ನೀರಿಗೆ ಬಿದ್ದಂತೆ ಏನೋ ಸುರುಳಿ ಬಿಚ್ಚಿಕೊಂಡಿತು. ಒಂದು ಕರಿ ಗುಂಡು ತಳದಲ್ಲಿ ಅಲ್ಲಾಡುತ್ತಿತ್ತು, ಗಾಳಿಗುಳ್ಳೆಯಂತೆ, ಮರುದಿನಕ್ಕೆ ಮಾಯ. "ಬೆರಳೆಷ್ಟು?" ಎಂದು ಕೇಳಿದರು. ಎರಡು ಎಂದೆ. ಎಲ್ಲ ಸೇರಿ ಹತ್ತು ನಿಮಿಷ. ಅದಕ್ಕೆ ಮೊದಲು ಕಾದದ್ದು ಮೂರು ಗಂಟೆ.

ರಾತ್ರಿ ಅಯೋಡಿನ್ ಉರಿ ಚುಚ್ಚಿದ್ದಕ್ಕಿಂತ ಜೋರು. ಬಿಳಿಯ ಭಾಗದಲ್ಲಿ ಕುಂಕುಮದಷ್ಟು ರಕ್ತದ ಕಲೆ ಒಂದು ವಾರ ಇತ್ತು, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಎರಡನೇ ಮೂರನೇ ದಿನ ನೋವು ಏರುತ್ತ ಹೋಗಿ, ಕಣ್ಣು ಕೆಂಪಾಗಿ, ನೋಟ ಇಳಿದರೆ. ಆಗ ಬೆಳಗಾಗಲಿ ಎಂದು ಕಾಯದೆ ಹೊರಡಬೇಕು. ತಲೆಗೆ ನೀರು ಹಾಕಬಾರದು, ತೋಟಕ್ಕೆ ಇಳಿಯಬಾರದು. ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು ಆಗಿದ್ದವರು ಚುಚ್ಚಿಸುವ ಮೊದಲೇ ಅದನ್ನು ಹೇಳಬೇಕು.

ಮಾರ್ಚ್, ಏಪ್ರಿಲ್, ಮೇ, ತಿಂಗಳಿಗೊಂದರಂತೆ ಮೂರು. 468 ಇದ್ದದ್ದು 372, ಆಮೇಲೆ 301. ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಕಂಗು ಬಹುಮಟ್ಟಿಗೆ ನೆಟ್ಟಗಾಗಿತ್ತು.

ಜೂನಿನದ್ದಕ್ಕೆ ಹೋಗಲಿಲ್ಲ. ಮಳೆ ಹಿಡಿಯುವ ಮೊದಲು ಅಡಕೆಗೆ ಬೋರ್ಡೋ ಮದ್ದು ಬಿಡಿಸಬೇಕಿತ್ತು. ಮೈಲುತುತ್ತು, ಸುಣ್ಣ ತಂದಿಟ್ಟಾಗಿತ್ತು, ಮರ ಹತ್ತುವವನು ಸಿಗುವುದೇ ಎರಡು ದಿನ. ಜುಲೈಯಲ್ಲಿ ಎರಡನೇ ಸುತ್ತು. ಬೋರ್ಡೋ ಒಮ್ಮೆ ಬಿಟ್ಟರೆ ಸಾಲದು, ನಲವತ್ತು ನಲವತ್ತೈದು ದಿನಕ್ಕೆ ಮತ್ತೆ ಬಿಡದಿದ್ದರೆ ಕೊಳೆರೋಗ ಬಂದೇ ಬರುತ್ತದೆ ಎಂದು ನೆರೆಮನೆಯ ಹುಡುಗನಿಗೆ ಅಂಗಳದಲ್ಲಿ ನಿಂತು ಪಾಠ ಹೇಳಿದ್ದು ನಾನೇ. ಅದೇ ಹೊತ್ತಿಗೆ ನನ್ನ ಕಣ್ಣಿನ ಮದ್ದಿನ ದಿನ ದಾಟಿ ಐದು ವಾರ ಕಳೆದಿತ್ತು. ಕಾಣುತ್ತದಲ್ಲ, ಇನ್ನೇಕೆ 15,000 ಎಂಬ ಲೆಕ್ಕಾಚಾರ. ಕಾಣುತ್ತಿದ್ದದ್ದು ಮದ್ದು ಕೂಗನ್ನು ಅದುಮಿ ಹಿಡಿದದ್ದರಿಂದ. ಬಾಯಾರಿದ ಜಾಗ ಬಾಯಾರಿಯೇ ಇತ್ತು. ಮದ್ದು ಕರಗಿತು, ಕೂಗು ಮತ್ತೆ ಎದ್ದಿತು.

ಆಗಸ್ಟಿನ ಮೊದಲ ವಾರ ಬೆಳಗ್ಗೆ ಏಳುವಾಗ ಬಲಗಣ್ಣಿನಲ್ಲಿ ಕೆಂಪುಗಪ್ಪು ಹೊಗೆ. ಮೊದಲು ಎಳೆ ಎಳೆಯಾಗಿ ಇಳಿಯಿತು, ಕಾಫಿ ಕುಡಿಯುವಷ್ಟರಲ್ಲಿ ಪೂರ್ತಿ ಕತ್ತಲೆ. ನೋವು ಸ್ವಲ್ಪವೂ ಇಲ್ಲ, ಅದೇ ಹೆಚ್ಚು ಹೆದರಿಸಿದ್ದು. ಕೈಬೆರಳು ಆಡಿಸಿದರೆ ನೆರಳು ಅಲ್ಲಾಡಿದಂತೆ ಕಾಣುತ್ತಿತ್ತು, ಅಷ್ಟು ಮಾತ್ರ. ಸುರಿಯುವ ಮಳೆಯಲ್ಲಿ ಜೀಪು ಮಾಡಿಕೊಂಡು ಹೋದೆವು, 2,800 ರೂಪಾಯಿ. ದಾರಿಯುದ್ದಕ್ಕೂ ಹೆಂಡತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ರಕ್ತ ತುಂಬಿದ್ದರಿಂದ ಒಳಗೆ ಏನೂ ಕಾಣದೆ ರೆಪ್ಪೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟು ನೋಡಿದರು. ರೆಟಿನಾ ಕಿತ್ತು ಬಂದಿಲ್ಲ, ಅದೊಂದು ಪುಣ್ಯ. ಹೊಸ ನಾಳಗಳ ಜೊತೆ ಕಲೆಯಂಥ ಪೊರೆ ಬೆಳೆದು ಅದು ಮುದುಡಿದರೆ ರೆಟಿನಾವನ್ನೇ ಎಳೆದು ಹಾಕುತ್ತದಂತೆ. ನಾಳಗಳು ಕಣ್ಣಿನ ಮುಂಭಾಗಕ್ಕೂ ಹಬ್ಬಿ ನೀರು ಹೊರಹೋಗುವ ದಾರಿ ಕಟ್ಟಿದರೆ ಒತ್ತಡ ಏರಿ ನೋವಿನ ಗ್ಲಾಕೋಮಾ. ಎರಡೂ ಆಗಿರಲಿಲ್ಲ. ಅಂದೇ ಒಂದು ಚುಚ್ಚುಮದ್ದು. ಮನೆಯಲ್ಲಿ ಎರಡು ದಿಂಬು ಏರಿಸಿ ಒರಗಿ ಮಲಗಬೇಕು, ರಕ್ತ ಕೆಳಗೆ ತಂಗಲಿ ಎಂದು. ಮೂಟೆ ಎತ್ತಬಾರದು, ಬಾಗಬಾರದು. ಕರಗದಿದ್ದರೆ ಶಸ್ತ್ರಕ್ರಿಯೆ, ಅದರ ಖರ್ಚು ಲಕ್ಷದ ಸುತ್ತ.

ರಕ್ತ ಕರಗಲೆಂದು ಕಾದ ಐದು ವಾರದಲ್ಲಿ ಬರೆಯುವಂಥದ್ದೇನೂ ಇಲ್ಲ. ರೇಡಿಯೋ ಕೇಳಿದೆ, ಮಳೆ ಕೇಳಿದೆ.

ಮೇಲಿನ ಅರ್ಧ ತಿಳಿಯಾಗುತ್ತಲೇ ಲೇಸರ್, ಮೂರು ಕಂತಿನಲ್ಲಿ, ಒಂದಕ್ಕೆ 4,500. ಗಲ್ಲ ಊರಿ ಕೂತರೆ ಕಣ್ಣಿಗೊಂದು ಮಸೂರ ಹಚ್ಚಿ ಹಸಿರು ಮಿಂಚು ಟಕ್ ಟಕ್ ಎಂದು ಹೊಡೆಯುತ್ತ ಹೋಗುತ್ತಾರೆ, ನೂರಾರು. ಕೆಲವು ಏಟು ತಲೆಯ ಹಿಂಭಾಗದವರೆಗೆ ಚಳುಕ್ಕೆಂದವು. ಚುಚ್ಚುಮದ್ದಿಗಿಂತ ಇದೇ ನೋವು, ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಒಣಗಿದ ಅಂಚನ್ನು ಅಲ್ಲಲ್ಲಿ ಸುಟ್ಟು ಅದರ ಬಾಯಾರಿಕೆಯನ್ನೇ ಕಡಿಮೆ ಮಾಡುವುದು, ಆಗ ಕೂಗೂ ತಗ್ಗುತ್ತದೆ. ನಡುಭಾಗ ಉಳಿಸಲು ಬದಿಯನ್ನು ಬಿಟ್ಟುಕೊಡುವ ಲೆಕ್ಕ. ಮಾರ್ಚಿನಲ್ಲೇ ಒಪ್ಪಿದ್ದರೆ ಆಗಸ್ಟ್ ಇರುತ್ತಿರಲಿಲ್ಲವೋ ಏನೋ. ಈಗ ಮುಸ್ಸಂಜೆ ಮೇಲೆ ಮೆಟ್ಟಿಲಿಳಿಯಲು ಟಾರ್ಚ್ ಬೇಕು.

ವಿಮೆಯವರು ಮೊದಲು ತಿರಸ್ಕರಿಸಿದರು, 24 ಗಂಟೆ ಆಸ್ಪತ್ರೆಯಲ್ಲಿ ಮಲಗಿಲ್ಲವೆಂದು. ಹೊಸ ಬಗೆಯ ಚಿಕಿತ್ಸೆಗಳನ್ನು ಪಾಲಿಸಿಯಿಂದ ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ ಕಣ್ಣಿನೊಳಗಿನ ಚುಚ್ಚುಮದ್ದೂ ಇದೆ. ಅದನ್ನು ಉದ್ಧರಿಸಿ ಮಗಳು ಮತ್ತೆ ಬರೆದಳು. ಕಂಪನಿ ತನ್ನದೇ ಮಿತಿ ಹಾಕಬಹುದು, ಹಾಕಿತ್ತು. ನಾಲ್ಕು ಚುಚ್ಚುಮದ್ದಿನ 60,000ದಲ್ಲಿ 28,000 ಬಂತು, ಎಪ್ಪತ್ತೊಂದನೇ ದಿನ. ಬಾಟಲಿಯ ಮೇಲಿನ ಸ್ಟಿಕ್ಕರ್ ಬಿಲ್ಲಿಗೆ ಅಂಟಿಸಿರದ ಕಾರಣ ಏಪ್ರಿಲಿನದ್ದು ಪೂರ್ತಿ ಹೋಯಿತು. ಸ್ಟಿಕ್ಕರ್ ಕೇಳಿ ಪಡೆಯಿರಿ.

ಮೂರು ತಿಂಗಳ ಸಕ್ಕರೆಯ ಸರಾಸರಿ 9.4ರಿಂದ 7.3ಕ್ಕೆ ಇಳಿದಿದೆ. ಅನ್ನ ಅರ್ಧವಾಗಿದೆ. ತಮ್ಮನಿಗೂ ಸಕ್ಕರೆ ಇದೆ, ಅವನನ್ನೂ ಎಳೆದುಕೊಂಡು ಹೋಗಿ ಪಾಪೆ ಹಿಗ್ಗಿಸಿ ನೋಡಿಸಿದೆ. ಎಡಗಣ್ಣಿನಲ್ಲಿ ಶುರು, ಸದ್ಯಕ್ಕೆ ಮದ್ದು ಬೇಡ, ಆರು ತಿಂಗಳಿಗೊಮ್ಮೆ ಬನ್ನಿ ಎಂದಿದ್ದಾರೆ.

ಮೊನ್ನೆ ಡಿಸೆಂಬರಿನ ಸ್ಕ್ಯಾನಿನಲ್ಲಿ 284. ಹೊಸ ನಾಳಗಳು ಬಾಡಿವೆ, ರಕ್ತ ಕರಗಿದೆ, ಕೆಳಗಿನ ಮೂಲೆಯಲ್ಲಿ ಒಂದು ಮಸಿಯ ಎಳೆ ಮಾತ್ರ ಉಳಿದಿದೆ, ಅದು ಹೋಗಲಿಕ್ಕಿಲ್ಲವಂತೆ. ಫೈಲು ಮುಚ್ಚಿ ಡಾಕ್ಟರು ಮುಂದಿನ ದಿನಾಂಕ ಬರೆಯುತ್ತ "ಆಮೇಲಿನದ್ದು ಜೂನಿಗೆ ಬರುತ್ತದೆ, ಬರುತ್ತೀರಲ್ಲ?" ಎಂದರು. ಮರ ಹತ್ತುವವನಿಗೆ ಈ ಸಲ ಮೇ ಇಪ್ಪತ್ತಕ್ಕೇ ಬರಲು ಹೇಳಿ ಮುಂಗಡ ಕೊಟ್ಟಿದ್ದೇನೆ.